ಆಟಕ್ಕುಂಟು, ಲೆಕ್ಕಕ್ಕೂ ಉಂಟು

ನಮ್ಮಮ್ಮನಿಗೆ 67 ವರ್ಷ. ಕಳೆದ ಏಪ್ರಿಲ್‌ನಲ್ಲಿ ಅವಳು ಹತ್ತು ದಿನದಲ್ಲಿ ಒಂದೇ ಹಳ್ಳಕ್ಕೆ 230 ಸಲ ಬಿದ್ದಳು.

ಗಾಬರಿಯಾಗಬೇಡಿ. ನಮ್ಮ ಶ್ರೀಗಂಧದ ಕಾವಲ್‌ನ ಯಾವುದೋ ರಸ್ತೆ ಗುಂಡಿ ಇರಬೇಕು ಅಂದುಕೊಂಡಿದ್ದರೆ ಅದು ನಿಮ್ಮ ತಪ್ಪೂ ಅಲ್ಲ. ಆದರೆ ಈ ಹಳ್ಳ ಇದ್ದದ್ದು ನಮ್ಮ ಹಾಲ್‌ನ ಟಿವಿಯೊಳಗೆ. ತೋಡಿದವನು ಅಕ್ಕನ ಮಗ. ವಯಸ್ಸು ಹನ್ನೊಂದು, ವಾಸ ಕ್ಯಾಲಿಫೋರ್ನಿಯಾ. ತೋಡಿದ್ದು ಅಜ್ಜಿಗೋಸ್ಕರವೇ, ಅದೂ ತುಂಬ ಪ್ರೀತಿಯಿಂದ.

ಆಟದ ಹೆಸರು ಸೂಪರ್ ಮಾರಿಯೋ ಮೇಕರ್ 2. ನಿಂಟೆಂಡೊ ಸ್ವಿಚ್‌ನಲ್ಲಿ ಆಡೋದು, 2019ರ ಜೂನ್‌ನಲ್ಲಿ ಬಂದದ್ದು. ಇದರ ಅಣ್ಣ, ಅಂದರೆ ಮೊದಲನೇ ಮಾರಿಯೋ ಮೇಕರ್, 2015ರಲ್ಲಿ ವೀ ಯು ಅನ್ನೋ ಹಳೇ ಯಂತ್ರಕ್ಕೆ ಬಂದಿತ್ತು. ಮಾರಿಯೋ ಯಾರು ಅಂತ ನಿಮಗೆ ಹೇಳಬೇಕಿಲ್ಲ. ತೊಂಬತ್ತರ ದಶಕದಲ್ಲಿ ಹುಟ್ಟಿದ ನಮಗೆಲ್ಲ ಟಿವಿಗೆ ಸಿಕ್ಕಿಸೋ ಆ ವಿಡಿಯೋ ಗೇಮ್, '9999 ಇನ್ 1' ಅಂತ ಬರೆದು ಒಳಗೆ ಹತ್ತಿಪ್ಪತ್ತೇ ಆಟ ಇರುತ್ತಿದ್ದ ಹಳದಿ ಕ್ಯಾಸೆಟ್ಟು, ಊದಿ ಊದಿ ಹಾಕಿದರೆ ಓಡುತ್ತೆ ಅನ್ನೋ ನಂಬಿಕೆ, ಎಲ್ಲ ನೆನಪಿದೆ. ನಮ್ಮನೆಗೆ ಅದನ್ನು ಅಪ್ಪ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಿಂದ ತಂದಿದ್ದರು. ಅಕ್ಕ, ನಾನು ಕಿತ್ತಾಡಿಕೊಂಡು ಆಡುತ್ತಿದ್ದೆವು. ಅಮ್ಮ ಆಗ ಅದನ್ನು ಮುಟ್ಟಿದ್ದು ಧೂಳು ಒರೆಸೋಕೆ ಮಾತ್ರ.

ಮೇಕರ್‌ನಲ್ಲಿ ಆಡೋದರ ಜೊತೆ ದಾರಿಯನ್ನೂ ನೀವೇ ಕಟ್ಟಬಹುದು. ಇಟ್ಟಿಗೆ ಎಲ್ಲಿರಬೇಕು, ಹಳ್ಳ ಎಷ್ಟಗಲ, ಆಮೆ ಯಾವ ಮೂಲೆಯಿಂದ ಬರಬೇಕು, ಬಾವುಟದ ಕಂಬ ಎಷ್ಟು ದೂರ, ಎಲ್ಲ ನಿಮ್ಮಿಷ್ಟ. ಕಟ್ಟಿದ ಲೆವೆಲ್ ಅಪ್‌ಲೋಡ್ ಮಾಡಿದರೆ ಜಪಾನಿನವನೂ ಆಡಬಹುದು, ಸುಂಕದಕಟ್ಟೆಯವನೂ ಆಡಬಹುದು. ಹಾಗೇ ನಮ್ಮಮ್ಮನೂ.

ಅಪ್ಪ ಹೋದ ಮೇಲೆ ಅಮ್ಮನಿಗೆ ಬೆಳಗಿನ ಜಾವ ನಾಲ್ಕೂವರೆಗೇ ಎಚ್ಚರವಾಗುತ್ತೆ. ಎರಡು ಲೋಟ ಕಾಫಿಗೆ ಡಿಕಾಕ್ಷನ್ ಹಾಕೋ ಅಭ್ಯಾಸ, ಈಗ ಎರಡನೇ ಲೋಟ ಆರಿಹೋಗುತ್ತಿತ್ತು. ನಾನೋ, ರಾತ್ರಿ ಕಾಲ್ ಮುಗಿಸಿ ಒಂದು ಗಂಟೆಗೆ ಮಲಗೋನು. ಡಿಸೆಂಬರ್‌ನಲ್ಲಿ ಅಕ್ಕ ಬಂದಾಗ ತಮ್ಮನೆಯ ಹಳೇ ಸ್ವಿಚ್ ತಂದಿಟ್ಟು ಹೋದಳು. ನಮಗೆ ಬೆಳಿಗ್ಗೆ ಆರೂವರೆ ಅಂದರೆ ಅವರಿಗೆ ಹಿಂದಿನ ದಿನದ ಸಂಜೆ ಆರು. ಮಗ ಹೋಮ್‌ವರ್ಕ್ ಮುಗಿಸಿರುತ್ತಾನೆ, ಅಜ್ಜಿ ಪೂಜೆ ಮುಗಿಸಿರುತ್ತಾಳೆ. ವಿಡಿಯೋ ಕಾಲ್‌ನಲ್ಲಿ 'ಊಟ ಆಯ್ತಾ', 'ಹೂಂ', 'ಏನು ಊಟ', 'ಪಾಸ್ತಾ' ಆದ ಮೇಲೆ ಇಬ್ಬರಿಗೂ ಮಾತು ಖಾಲಿಯಾಗುತ್ತಿತ್ತು. ಆಟ ಇದ್ದರೆ ಮಾತು ಬೇಕಾಗಲ್ಲ ಅನ್ನೋದು ಅಕ್ಕನ ಲೆಕ್ಕಾಚಾರ.

ಅವನು ಕಟ್ಟಿದ ಲೆವೆಲ್‌ನ ಹೆಸರು 'ಫಾರ್ ಅಜ್ಜಿ'. ಐವತ್ತು ಸೆಕೆಂಡಿನ ದಾರಿ. ನಾಲ್ಕು ಅಣಬೆ ಗೊಂಬೆಗಳು, ಒಂದು ಆಮೆ, ಕೊನೆಯಲ್ಲೊಂದು ಹಳ್ಳ, ಅದರಾಚೆ ಕಂಬ. ನಾನೂ ಆಡಿ ನೋಡಿದೆ. ಮೊದಲನೇ ಸಲಕ್ಕೇ ದಾಟಿತು. ಮಕ್ಕಳಾಟ ಅನ್ನಿಸಿತು.

ಅಮ್ಮ ಕೂತಾಗಲೇ ಗೊತ್ತಾಗಿದ್ದು, ಆ ಹಳ್ಳ ದಾಟಬೇಕಾದರೆ ಓಡಿಬಂದು ಹಾರಬೇಕು. ನಿಂತಲ್ಲಿಂದ ಹಾರಿದರೆ ಸಾಲದು. ಓಡೋದಕ್ಕೆ ವೈ ಬಟನ್ ಒತ್ತಿಹಿಡಿದಿರಬೇಕು, ಅದನ್ನು ಬಿಡದೇ ಪಕ್ಕದ ಬಿ ಬಟನ್ ಒತ್ತಿ ಹಾರಬೇಕು. ಎರಡೂ ಒಂದೇ ಹೆಬ್ಬೆರಳಲ್ಲಿ! ನಿಮಗೂ ನನಗೂ ಇದು ಉಸಿರಾಡಿದ ಹಾಗೆ. ಹೆಬ್ಬೆರಳ ತುದಿ ಒಂದರ ಮೇಲೆ, ಗೆಣ್ಣಿನ ಕಡೆ ಇನ್ನೊಂದರ ಮೇಲೆ. ಅದು ಕಲಿತದ್ದೇ ನೆನಪಿಲ್ಲ, ಆದ್ದರಿಂದ ಕಲಿಸೋಕೂ ಬರಲ್ಲ. ಅಮ್ಮ ಓಡೋ ಬಟನ್ ಬಿಟ್ಟು, ಬೆರಳು ಎತ್ತಿ, ಹಾರೋ ಬಟನ್ ಒತ್ತುತ್ತಾಳೆ. ಅಷ್ಟರಲ್ಲಿ ಮಾರಿಯೋ ನಡಿಗೆಗೆ ಇಳಿದಿರುತ್ತಾನೆ. ಹಾರುತ್ತಾನೆ, ಆಚೆ ದಡಕ್ಕೆ ಒಂದು ಗೇಣು ಇರುವಾಗ ಕೆಳಗೆ ಹೋಗುತ್ತಾನೆ. ಮತ್ತೆ ಮೊದಲಿಂದ. ಮತ್ತೆ ಹಳ್ಳ. ನಾನು ಎದ್ದು ಬರೋ ಹೊತ್ತಿಗೆ 'ಅಯ್ಯೋ ಮುಂಡೇದೇ' ಅನ್ನೋ ಶಬ್ದ ಅಡುಗೆಮನೆ ತನಕ ಕೇಳೋದು.

ಹತ್ತನೇ ದಿನ ಬೆಳಿಗ್ಗೆ ಫೋನ್ ಬಂತು. ಮಗನ ಮುಖ ಊದಿಕೊಂಡಿತ್ತು. ಅಳು ಅಲ್ಲ, ಕೋಪ.

"ಮಾಮ, ನಾನು ಈಸಿ ಮಾಡಿದ್ದೆ. ಅಜ್ಜಿಗೆ ಅಂತಾನೇ ಈಸಿ ಮಾಡಿದ್ದೆ. ಈಗ ನೋಡು, ಕ್ಲಿಯರ್ ರೇಟ್ 0.85 ಪರ್ಸೆಂಟ್. ಅದು ಸೂಪರ್ ಎಕ್ಸ್‌ಪರ್ಟ್ ನಂಬರ್. ನನ್ನ ಲೆವೆಲ್ ಹಾಳಾಯ್ತು. ಡಿಲೀಟ್ ಮಾಡ್ತೀನಿ."

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು, ತಾಳ್ಮೆ ಇರಲಿ. ಈ ಆಟದಲ್ಲಿ ಜನ ಕಟ್ಟಿದ ಲೆವೆಲ್‌ಗಳನ್ನು ನಾಲ್ಕು ಗುಂಪು ಮಾಡುತ್ತಾರೆ: ಈಸಿ, ನಾರ್ಮಲ್, ಎಕ್ಸ್‌ಪರ್ಟ್, ಸೂಪರ್ ಎಕ್ಸ್‌ಪರ್ಟ್. ಗುಂಪು ಮಾಡೋರು ಯಾವ ತೀರ್ಪುಗಾರರೂ ಅಲ್ಲ, ಕ್ಲಿಯರ್ ರೇಟ್. ಎಷ್ಟು ಸಲ ಗೆದ್ದರು ಅನ್ನೋದನ್ನು ಎಷ್ಟು ಸಲ ಪ್ರಯತ್ನಪಟ್ಟರು ಅನ್ನೋದರಿಂದ ಭಾಗಿಸಿದರೆ ಬರೋ ಸಂಖ್ಯೆ. ಗಮನಿಸಿ, ಎಷ್ಟು ಜನ ಅಲ್ಲ, ಎಷ್ಟು ಸಲ. ಒಬ್ಬನೇ ಐವತ್ತು ಸಲ ಸತ್ತರೆ ಐವತ್ತು ಪ್ರಯತ್ನ. ಅಮ್ಮ ಆಡೋಕೆ ಶುರುಮಾಡೋ ಮುಂಚೆ ನಾಲ್ಕು ಜನ ಅಪರಿಚಿತರು ಆ ಲೆವೆಲ್ ಆಡಿದ್ದರು. ಒಟ್ಟು ಆರು ಪ್ರಯತ್ನ, ಎರಡು ಗೆಲುವು. ಶೇ 33. ಆಮೇಲೆ ಹೊರಗಿನ ಒಬ್ಬರೂ ಬರಲಿಲ್ಲ. ಹೆಸರಿಲ್ಲದ ಹುಡುಗನ ಲೆವೆಲ್‌ಗೆ ಯಾರು ಬರುತ್ತಾರೆ? ಬಂದವಳು ಅಜ್ಜಿ ಒಬ್ಬಳೇ. ಆರರ ಜೊತೆ 230 ಸೇರಿ 236 ಪ್ರಯತ್ನ, ಗೆಲುವು ಅದೇ ಎರಡು. 0.85.

ಅಂದರೆ ಮಗನ ಲೆವೆಲನ್ನು ಸೂಪರ್ ಎಕ್ಸ್‌ಪರ್ಟ್ ಸಂಖ್ಯೆಗೆ ಎಳೆದು ನಿಲ್ಲಿಸಿದ್ದು ಇಡೀ ಪ್ರಪಂಚ ಅಲ್ಲ, ಮಾಗಡಿ ರಸ್ತೆ ಪಕ್ಕದ ಒಂದು ಮನೆಯಲ್ಲಿ ಮಡಿಕೆ ಸೀರೆ ಉಟ್ಟು ಕೂತ ಒಬ್ಬ ಹೆಂಗಸು.

ಇದನ್ನು ಹೇಳಿದಾಗ ಅವನು ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. "ಹಾಗಾದ್ರೆ ನನ್ನದು ಈಸಿನಾ, ಹಾರ್ಡಾ?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಜಕ್ಕೂ ಅದು ಏನು? ನನಗೆ ಈಸಿ, ಅಮ್ಮನಿಗೆ ಕೊರಳಿಗೆ ಬರೋವಷ್ಟು ಕಷ್ಟ. ಕ್ಲಿಯರ್ ರೇಟಿಗೆ ಈ ಎರಡೂ ಕಾಣಲ್ಲ. ಅದಕ್ಕೆ ಕಾಣೋದು ಸೋಲು ಎಷ್ಟು ಅನ್ನೋದು ಮಾತ್ರ, ಸೋತವರು ಯಾರು ಅನ್ನೋದಲ್ಲ. ಇನ್ನೂ ಒಂದು ತಮಾಷೆ ಇದೆ. ಒಂದು ಸಲ ಬಿದ್ದ ತಕ್ಷಣ 'ಹೋಗಲೇ' ಅಂತ ಬಿಟ್ಟುಹೋಗೋನು ಲೆಕ್ಕಕ್ಕೆ ಒಂದೇ ಸೋಲು ಸೇರಿಸುತ್ತಾನೆ. ಬಿಡದೆ ಕೂರೋನು ಇನ್ನೂರು ಸೇರಿಸುತ್ತಾನೆ. ಜನ ಬೇಗ ಬೇಸತ್ತು ಬಿಡೋ ಕೆಟ್ಟ ಲೆವೆಲ್ ಸುಲಭ ಅನ್ನೋ ಹಾಗೆ ಕಾಣಬಹುದು, ಜನ ಇಷ್ಟಪಟ್ಟು ಹಿಡಿದು ಕೂರೋ ಲೆವೆಲ್ ಭಯಂಕರ ಅನ್ನೋ ಹಾಗೆ ಕಾಣಬಹುದು.

ಒಂದು ಒಳ್ಳೆ ಕಟ್ಟುಪಾಡು ಮಾತ್ರ ಇಟ್ಟಿದ್ದಾರೆ. ಲೆವೆಲ್ ಅಪ್‌ಲೋಡ್ ಮಾಡೋ ಮುಂಚೆ ಕಟ್ಟಿದವನೇ ಅದನ್ನು ಒಂದು ಸಲ ಗೆದ್ದು ತೋರಿಸಬೇಕು. ದಾಟೋಕೇ ಆಗದ್ದನ್ನು ಕಟ್ಟಿ ಬೇರೆಯವರ ತಲೆ ತಿನ್ನಬಾರದು ಅಂತ. (ನಮ್ಮನೆ ಅಡುಗೆಯಲ್ಲಿ ಇದಕ್ಕೆ ಉಲ್ಟಾ. ನೈವೇದ್ಯ ಆಗೋ ತನಕ ಮಾಡಿದವರು ರುಚಿ ನೋಡೋ ಹಾಗಿಲ್ಲ. ಉಪ್ಪು ಹೆಚ್ಚಾಗಿದ್ದರೆ ಮೊದಲು ಗೊತ್ತಾಗೋದು ದೇವರಿಗೆ.) ಆದರೆ ಕಟ್ಟಿದವನು ಗೆದ್ದ ಅಂದರೆ ಗೆಲ್ಲೋದು ಸಾಧ್ಯ ಅಂತಷ್ಟೇ ಅರ್ಥ. ಯಾರಿಗೆ ಎಷ್ಟು ಕಷ್ಟ ಅಂತ ಅಲ್ಲ.

ಆ ಕಟ್ಟುಪಾಡನ್ನೂ ಒಬ್ಬ ದಾಟಿಹೋದ. ಇದು 2024ರಲ್ಲಿ ಆಟದ ಪ್ರಪಂಚದಲ್ಲೆಲ್ಲ ಸುದ್ದಿಯಾಗಿತ್ತು. ಮೊದಲನೇ ಮಾರಿಯೋ ಮೇಕರ್‌ಗೆ ಹೊಸ ಲೆವೆಲ್ ಹಾಕೋದನ್ನು 2021ರ ಮಾರ್ಚ್ ಕೊನೆಗೆ ನಿಲ್ಲಿಸಿದರು. ವೀ ಯು ಆನ್‌ಲೈನ್ ಸೇವೆಯೇ 2024ರ ಏಪ್ರಿಲ್ 8ಕ್ಕೆ ಮುಚ್ಚುತ್ತೆ ಅಂತಾಯಿತು. ಟೀಮ್ 0% ಅಂತ ಒಂದು ಗುಂಪು. ಯಾರೂ ಗೆಲ್ಲದೆ ಉಳಿದ ಲೆವೆಲ್‌ಗಳನ್ನೆಲ್ಲ ಹುಡುಕಿ ಹುಡುಕಿ ಗೆಲ್ಲೋದೇ ಅವರ ಕೆಲಸ. ಸಂಬಳ ಇಲ್ಲ, ಬಹುಮಾನ ಇಲ್ಲ. ವರ್ಷಗಟ್ಟಲೆ ಕೂತು ಒಂದೊಂದೇ ಮುಗಿಸುತ್ತಾ ಬಂದು ಕೊನೆಗೆ ಒಂದು ಉಳಿಯಿತು: 'ಟ್ರಿಮಿಂಗ್ ದ ಹರ್ಬ್ಸ್', 2017ರಲ್ಲಿ ಅಹೋಯೋ ಅನ್ನೋ ಹೆಸರಿನವನು ಹಾಕಿದ್ದು. ಅರ್ಧ ನಿಮಿಷವೂ ಇಲ್ಲದ ಲೆವೆಲ್. ದೊಡ್ಡ ದೊಡ್ಡ ಆಟಗಾರರು ಸಾವಿರಗಟ್ಟಲೆ ಸಲ ಸತ್ತರು. ಮುಚ್ಚೋಕೆ ಎರಡು ವಾರ ಇರುವಾಗ, ಮಾರ್ಚ್‌ನಲ್ಲಿ, ಕಟ್ಟಿದವನು ಒಪ್ಪಿಕೊಂಡ: ಅಪ್‌ಲೋಡ್ ಮಾಡೋವಾಗ ಅದನ್ನು ಗೆದ್ದಿದ್ದು ಅವನ ಕೈ ಅಲ್ಲ, ಬಟನ್‌ಗಳನ್ನು ಕರಾರುವಾಕ್ಕಾಗಿ ಒತ್ತೋ ಯಂತ್ರದ ಸಹಾಯ. ಹಾಗಾದರೆ ಅದು ಲೆಕ್ಕಕ್ಕೇ ಇಲ್ಲ, ನಮ್ಮ ಕೆಲಸ ಮುಗಿಯಿತು ಅಂತ ಗುಂಪಿನವರು ಘೋಷಿಸಿದರು. ಆದರೂ ಸ್ಯಾನಿಕ್ಸ್ ಅನ್ನೋ ಆಟಗಾರ ಬಿಡಲಿಲ್ಲ. ಏಪ್ರಿಲ್ 5ಕ್ಕೆ, ಬಾಗಿಲು ಹಾಕೋಕೆ ಮೂರು ದಿನ ಇರುವಾಗ, ಮನುಷ್ಯನ ಕೈಯಿಂದಲೇ ಅದನ್ನು ಗೆದ್ದ.

ಈ ಕಥೆ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅವನಿಗೆ ಕೆಲಸ ಕಾರ್ಯ ಏನೂ ಇರ್ಲಿಲ್ವಾ?" ಕೇಳಿ, ಅವಳು ಮತ್ತೆ ಹಳ್ಳಕ್ಕೆ ಹಾರಿದಳು.

ಕಷ್ಟವನ್ನು ಅಳೆಯೋಕೆ ಬೇರೆ ದಾರಿ ಇಲ್ಲವಾ? ಇದೆ. ನಿಮ್ಮಲ್ಲಿ ತುಂಬ ಜನ ಮೆಟ್ರೋದಲ್ಲಿ ನಿಂತು ಆಡಿರೋ ಜಿಯೊಮೆಟ್ರಿ ಡ್ಯಾಶ್ ನೋಡಿ. 2013ರಲ್ಲಿ ಸ್ವೀಡನ್ನಿನ ರಾಬರ್ಟ್ ಟೊಪಾಲಾ ಒಬ್ಬನೇ ಮಾಡಿದ್ದು. ಅಲ್ಲೂ ಜನ ಕಟ್ಟಿದ ಲೆವೆಲ್‌ಗಳು, ಅಲ್ಲೂ ಕಟ್ಟಿದವನು ಗೆದ್ದು ತೋರಿಸಬೇಕು. ಆದರೆ ನಕ್ಷತ್ರ ಕೊಡೋದು ಬರೀ ಭಾಗಾಕಾರ ಅಲ್ಲ, ಆಡಿ ನೋಡಿದ ಮನುಷ್ಯರು ಶಿಫಾರಸು ಮಾಡುತ್ತಾರೆ. ಅತಿ ಕಷ್ಟದ್ದಕ್ಕೆ ಡೆಮನ್ ಅಂತ ಹೆಸರು, ಡೆಮನ್‌ನೊಳಗೇ ಮತ್ತೆ ಐದು ಮೆಟ್ಟಿಲು. ಅದರಲ್ಲಿ ಬೇರೆ ತಾಪತ್ರಯ. ಶಿಫಾರಸು ಮಾಡೋನು ನುರಿತವನು, ಅವನಿಗೆ ಎಲ್ಲವೂ ಸುಲಭ.

ನನಗೆ ಸರಿ ಅನ್ನಿಸೋದು ಚೆಸ್‌ನವರ ದಾರಿ. ಬಸವೇಶ್ವರನಗರ, ವಿಜಯನಗರದ ಕಡೆ ಮಕ್ಕಳನ್ನು ಚೆಸ್ ಕ್ಲಾಸಿಗೆ ಬಿಡೋ ಅಪ್ಪ ಅಮ್ಮಂದಿರಿಗೆ ರೇಟಿಂಗ್ ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ಅರ್ಪಾಡ್ ಎಲೋ ಅನ್ನೋ ಪ್ರೊಫೆಸರ್ ರೂಪಿಸಿದ ಪದ್ಧತಿ, ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಅದನ್ನು ಒಪ್ಪಿಕೊಂಡಿತು. ತಿರುಳು ಇಷ್ಟು: ನಿನಗಿಂತ ಬಲಶಾಲಿ ಎದುರು ಗೆದ್ದರೆ ಅಂಕ ಜಾಸ್ತಿ ಏರುತ್ತೆ, ದುರ್ಬಲನ ಎದುರು ಸೋತರೆ ಜಾಸ್ತಿ ಇಳಿಯುತ್ತೆ. 400 ಅಂಕದ ಅಂತರ ಇದ್ದರೆ ಮೇಲಿನವನು ಹತ್ತಕ್ಕೆ ಒಂಬತ್ತು ಪಾಲು ಗೆಲ್ಲಬೇಕು ಅಂತ ಲೆಕ್ಕ. ಲೀಚೆಸ್ ಥರದ ಆಪ್‌ಗಳಲ್ಲಿ ಇದನ್ನೇ ಒಂದು ಹೆಜ್ಜೆ ಮುಂದೆ ಒಯ್ದಿದ್ದಾರೆ. ಅಲ್ಲಿ ಪಜಲ್ ಬಿಡಿಸೋಕೆ ಕೂತರೆ ನೀವು ಆ ಪಜಲ್ ಜೊತೆ ಪಂದ್ಯ ಆಡಿದ ಹಾಗೆ. ಪಜಲ್‌ಗೂ ರೇಟಿಂಗ್ ಇರುತ್ತೆ. ನೀವು ಸೋತರೆ ಪಜಲ್ ಗೆದ್ದ ಹಾಗೆ, ಅದರ ಅಂಕ ಏರುತ್ತೆ. ಆದರೆ ಹೊಸಬರನ್ನು ಸೋಲಿಸಿದ ಪಜಲ್‌ಗೆ ಏರೋದು ಚೂರು, ಘಟಾನುಘಟಿಯನ್ನು ಸೋಲಿಸಿದರೆ ಜಾಸ್ತಿ. ಈ ಕ್ರಮದಲ್ಲಿ ಅಳೆದಿದ್ದರೆ ಅಮ್ಮನ 230 ಸೋಲು ಮಗನ ಲೆವೆಲ್‌ಗೆ ಅಷ್ಟೇನೂ ಕೋಡು ಮೂಡಿಸುತ್ತಿರಲಿಲ್ಲ. ಅಮ್ಮನ ರೇಟಿಂಗ್ ಮಾತ್ರ ನೆಲ ಕಚ್ಚಿರುತ್ತಿತ್ತು.

ಇದನ್ನೆಲ್ಲ ಅವನಿಗೆ ವಿವರಿಸ್ತಾ ಇದ್ದಾಗ ನನಗೇ ಒಳಗೊಳಗೆ ಇರುಸುಮುರುಸು ಶುರುವಾಯಿತು. ಯಾಕೆ ಅಂತ ಹೇಳಿಬಿಡುತ್ತೇನೆ.

ಮಾರ್ಚ್‌ನಲ್ಲಿ ನಮ್ಮ ಆಫೀಸಿನಲ್ಲಿ ಅಪ್ರೈಸಲ್. ನಾನು ಏಳು ಜನರ ಲೀಡ್. ಏಳರಲ್ಲಿ ಒಬ್ಬರನ್ನಾದರೂ ಕೆಳಗಿನ ಡಬ್ಬಿಗೆ ಹಾಕಲೇಬೇಕು ಅಂತ ಮೇಲಿಂದ ಮಾತು. ನಾನು ಏನು ಮಾಡಿದೆ? ಒಂದು ಎಕ್ಸೆಲ್ ಶೀಟ್ ತೆಗೆದೆ. ಯಾರು ಎಷ್ಟು ಟಿಕೆಟ್ ತಗೊಂಡರು, ಎಷ್ಟು ಮುಗಿಸಿದರು, ಭಾಗಿಸಿದೆ. ಎಲ್ಲರಿಗಿಂತ ಕೆಳಗೆ ಬಂದ ಹುಡುಗಿಯನ್ನು ಕೆಳಗಿನ ಡಬ್ಬಿಗೆ ಹಾಕಿದೆ. ಅವಳ ಪಾಲಿಗೆ ಬಂದಿದ್ದು ಹನ್ನೆರಡು ವರ್ಷ ಹಳೇ ಕೋಡು, ಬರೆದವರು ಯಾರೂ ಈಗ ಕಂಪನಿಯಲ್ಲಿಲ್ಲ. ಅದನ್ನು ಅವಳಿಗೆ ಕೊಟ್ಟಿದ್ದೂ ನಾನೇ, 'ನೀನು ಬಿಡದೇ ಕೂತು ಮಾಡ್ತೀಯ' ಅಂತ ಹೇಳಿ. ಮೀಟಿಂಗಲ್ಲಿ ಅವಳು ಶೀಟ್ ನೋಡಿ "ಸರಿ" ಅಂದಳು. ಅಷ್ಟೇ. ಜಗಳ ಆಡಿದ್ದರೆ ಚೆನ್ನಾಗಿರೋದು. ಮೇ ತಿಂಗಳಲ್ಲಿ ಪೇಪರ್ ಹಾಕಿದಳು. ಹೊಸ ಕಡೆ ಚೆನ್ನಾಗಿದ್ದಾಳೆ ಅಂತ ಲಿಂಕ್ಡ್‌ಇನ್ ಹೇಳುತ್ತೆ. ಆ ಹಳೇ ಕೋಡು ಈಗ ನನ್ನ ಹತ್ತಿರ ಇದೆ, ನನ್ನ ಭಾಗಾಕಾರವೂ ಈಗ ನೋಡೋ ಹಾಗಿಲ್ಲ.

ಇರಲಿ. ಲೆವೆಲ್ ವಿಷಯಕ್ಕೆ ಬರುತ್ತೇನೆ. ಮಗ ಡಿಲೀಟ್ ಅಂತ ಹಟ ಹಿಡಿದಿದ್ದ. ಡಿಲೀಟ್ ಮಾಡಿ ಅದನ್ನೇ ಮತ್ತೆ ಹಾಕಿದರೆ ಎಲ್ಲ ಸಂಖ್ಯೆ ಸೊನ್ನೆಯಿಂದ ಶುರು, ಕೊಳೆ ತೊಳೆದ ಹಾಗೆ. ಆಗ ಅಮ್ಮ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು.

"ಕಂದ, ಅಳಿಸ್ಬೇಡ. ಅಲ್ಲಿ ನನ್ನ ಗುರುತೆಲ್ಲ ಇದೆ."

ಗುರುತು ಅಂದರೆ ಇಂಟು ಮಾರ್ಕು. ಈ ಆಟದಲ್ಲಿ ನೀವು ಸತ್ತ ಜಾಗದಲ್ಲಿ, ಅಲ್ಲಿ ಹಿಂದೆ ಸತ್ತವರ ಗುರುತುಗಳೂ ಇಂಟು ಇಂಟಾಗಿ ಕಾಣುತ್ತವೆ. ಆ ಹಳ್ಳದ ಮೇಲೆ ಮಳೆ ಬಿದ್ದ ಹಾಗೆ ಇಂಟು. ಅಮ್ಮ ಅದನ್ನು ದಿನಾ ನೋಡುತ್ತಿದ್ದಳಂತೆ. ಮೊದಮೊದಲು ಈಚೆ ದಡದ ಹತ್ತಿರ ಇದ್ದವು, ಬರ್ತಾ ಬರ್ತಾ ಆಚೆ ದಡದ ಕಡೆ ಜರುಗಿದವು. ಅದನ್ನು ಅವಳು ಗಮನಿಸಿದ್ದಳು, ನಾವು ಯಾರೂ ಗಮನಿಸಿರಲಿಲ್ಲ.

"ನಾವು ಕುಂಟೆಬಿಲ್ಲೆ ಆಡೋವಾಗ ಯಾರೂ ಈಸಿ ಹಾರ್ಡು ಅಂತಿರ್ಲಿಲ್ಲ" ಅಂತ ಶುರುಮಾಡಿದಳು. ಅಮ್ಮನ ಊರು ಮಾಗಡಿ ಹತ್ತಿರ. ಕುಂಟೆಬಿಲ್ಲೆ ಆಡಿದವರಿಗೆ ಗೊತ್ತು: ನೆಲದ ಮೇಲೆ ಮನೆ ಬರೆದು, ಬಿಲ್ಲೆ ಎಸೆದು, ಒಂಟಿಕಾಲಲ್ಲಿ ಗೆರೆ ಮುಟ್ಟದೆ ಹಾರಿಕೊಂಡು ಹೋಗೋದು. ಪೂರ್ತಿ ಸುತ್ತು ಗೆದ್ದವಳು ಹಿಂದಕ್ಕೆ ತಿರುಗಿ ಬಿಲ್ಲೆ ಎಸೀತಾಳೆ, ಅದು ಬಿದ್ದ ಮನೆ ಅವಳದ್ದಾಗುತ್ತೆ. ಆಮೇಲೆ ಉಳಿದವರು ಆ ಮನೆ ತುಳಿಯೋ ಹಾಗಿಲ್ಲ, ಅದನ್ನು ದಾಟಿ ಹಾರಬೇಕು. ಯೋಚನೆ ಮಾಡಿ ನೋಡಿ: ಆಡ್ತಾ ಆಡ್ತಾನೇ ಹಳ್ಳ ತೋಡೋ ಆಟ. ಒಬ್ಬಳು ಗೆದ್ದಷ್ಟೂ ಉಳಿದವರಿಗೆ ಲೆವೆಲ್ ಕಷ್ಟವಾಗುತ್ತಾ ಹೋಗುತ್ತೆ. ಮಾರಿಯೋ ಮೇಕರ್‌ನಲ್ಲಿ ಕೂಡ ಇಷ್ಟು ಕ್ರೌರ್ಯ ಇಲ್ಲ.

"ಚಿಕ್ಕೋರು ಬಂದ್ರೆ?" ಅಂತ ಮಗ ಕೇಳಿದ.

"ಚಿಕ್ಕೋರು ಆಟಕ್ಕುಂಟು, ಲೆಕ್ಕಕ್ಕಿಲ್ಲ. ನನ್ನ ತಂಗೀನ ಹಂಗೇ ಆಡಿಸ್ತಿದ್ವಿ. ಗೆರೆ ತುಳಿದ್ರೂ ಔಟಿಲ್ಲ. ಒಂದಿನ ಅವಳು ಜೋರಾಗಿ ಅತ್ಲು, ನನ್ನೂ ಔಟ್ ಮಾಡಿ ಅಂತ."

ಅಮೆರಿಕದ ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅವನು, ಡಿಲೀಟ್ ಮಾಡಲ್ಲ, ಆದರೆ ಇನ್ನೊಂದು ಮಾಡ್ತೀನಿ ಅಂದ.

ಆ ಇನ್ನೊಂದನ್ನು ಕಟ್ಟೋವಾಗ ನಾನೂ ತಲೆ ಹಾಕಿದೆ. 1985ರ ಮೊದಲ ಸೂಪರ್ ಮಾರಿಯೋ ಬ್ರದರ್ಸ್‌ನ ಮೊದಲ ಲೆವೆಲ್ ನೆನಪಿದೆಯಾ? ಕೊನೆಯ ಕಡೆ ಎರಡು ಜೋಡಿ ಮೆಟ್ಟಿಲು ಬರುತ್ತವೆ. ಹತ್ತಿ, ಹಾರಿ, ಆಚೆ ಮೆಟ್ಟಿಲ ಮೇಲೆ ಇಳಿಯಬೇಕು. ಮೊದಲನೇ ಜೋಡಿಯ ನಡುವೆ ನೆಲ ಇದೆ. ತಪ್ಪಿದರೆ ಕೆಳಗೆ ಬೀಳ್ತೀರಿ, ಏನೂ ಆಗಲ್ಲ, ಮತ್ತೆ ಹತ್ತುತ್ತೀರಿ. ಎರಡನೇ ಜೋಡಿಯ ನಡುವೆ ನೆಲ ಇಲ್ಲ, ಬಿದ್ದರೆ ಪ್ರಾಣ ಹೋಯಿತು. ಅದೇ ಹಾರಾಟ, ಮೊದಲು ಕಲಿಯೋಕೆ, ಆಮೇಲೆ ಪರೀಕ್ಷೆಗೆ. ಒಂದು ಅಕ್ಷರ ಬರೆಯದೆ ಪಾಠ ಹೇಳೋ ರೀತಿ ಇದು. ನಾವು ಚಿಕ್ಕವರಾಗಿದ್ದಾಗ ಇದನ್ನು ನೂರಾರು ಸಲ ದಾಟಿದ್ದೇವೆ, ಪಾಠ ಅಂತ ಒಂದು ದಿನವೂ ಗೊತ್ತಾಗಿರಲಿಲ್ಲ. ಮಗನ 'ಫಾರ್ ಅಜ್ಜಿ'ಯಲ್ಲಿ ಪಾಠ ಇರಲಿಲ್ಲ, ನೇರ ಪರೀಕ್ಷೆ. ಅವನ ತಪ್ಪಲ್ಲ. ಓಡಿ ಹಾರೋದನ್ನು ಕಲಿಯಬೇಕಾಗುತ್ತೆ ಅನ್ನೋದೇ ಅವನಿಗೆ ಗೊತ್ತಿರಲಿಲ್ಲ.

'ಫಾರ್ ಅಜ್ಜಿ 2'ರಲ್ಲಿ ಮೂರು ಹಳ್ಳ. ಮೊದಲನೆಯದಕ್ಕೆ ತಳ ಇದೆ, ಬಿದ್ದರೆ ಎದ್ದು ಬರೋಕೆ ಮೆಟ್ಟಿಲೂ ಇದೆ. ಎರಡನೆಯದಕ್ಕೂ ತಳ ಇದೆ, ಮೆಟ್ಟಿಲು ಸ್ವಲ್ಪ ದೂರ. ಮೂರನೆಯದು ಪಾತಾಳ.

ಅಮ್ಮ ಅದರಲ್ಲಿ ಎರಡು ದಿನ ಕೂತಳು. ಹೆಬ್ಬೆರಳ ವಿಷಯವನ್ನು ಕೊನೆಗೆ ಅವಳೇ ಬಗೆಹರಿಸಿಕೊಂಡಳು. "ತುದೀಲಿ ಒತ್ತೋದಲ್ಲ ಕಣೋ, ನಿಪ್ಪಟ್ಟು ತಟ್ಟೋ ಹಾಗೆ ಬೆರಳು ಮಲಗಿಸ್ಬೇಕು" ಅಂತ ನನಗೆ ತೋರಿಸಿದಳು. ನಾನು ಇಪ್ಪತ್ತೈದು ವರ್ಷದಿಂದ ಮಾಡ್ತಾ ಇದ್ದದ್ದಕ್ಕೆ ಆವತ್ತು ಮಾತು ಸಿಕ್ಕಿತು. ಎರಡನೇ ಲೆವೆಲ್ ಗೆದ್ದಳು. ಗೆದ್ದ ಮೇಲೆ ಸಂತೋಷಪಡದೆ ಸೀದಾ ಮೊದಲನೆಯದಕ್ಕೇ ವಾಪಸ್ ಹೋದಳು. ಕೆಲವರಿಗೆ ಹಾಗೇ, ಹಳೇ ಬಾಕಿ ಇದ್ದರೆ ನಿದ್ದೆ ಬರಲ್ಲ.

312ನೇ ಪ್ರಯತ್ನಕ್ಕೆ ದಾಟಿದಳು. ಬೆಳಿಗ್ಗೆ 5.50. ನಾನು ಮಲಗಿದ್ದೆ. ಎಬ್ಬಿಸಲಿಲ್ಲ, ಕಾಫಿ ಕೊಡೋವಾಗ ಹೇಳಿದಳು. 318 ಪ್ರಯತ್ನ, 3 ಗೆಲುವು, 0.94. ಮಗ ಸ್ಕ್ರೀನ್‌ಶಾಟ್ ತೆಗೆದು ಅಕ್ಕನಿಗೆ, ಭಾವನಿಗೆ, ತನ್ನ ಟೀಚರ್‌ಗೆ ಸಹ ತೋರಿಸಿದನಂತೆ: ಸೂಪರ್ ಎಕ್ಸ್‌ಪರ್ಟ್ ನಂಬರ್ ಇರೋ ಲೆವೆಲ್ ಗೆದ್ದ ಅಜ್ಜಿ. ಕೋಪ ಮಾಡಿಕೊಂಡಿದ್ದ ಅದೇ ಸಂಖ್ಯೆ!

ಆಮೇಲೆ ಶುರುವಾಗಿದ್ದು ರೇಸು.

ಈ ಆಟದಲ್ಲಿ ನಾಲ್ಕು ಜನರ ತನಕ ಆನ್‌ಲೈನ್‌ನಲ್ಲಿ ಒಟ್ಟಿಗೆ ಓಡಬಹುದು. ಒಬ್ಬರು ಬಾವುಟದ ಕಂಬ ಮುಟ್ಟಿದ ತಕ್ಷಣ ಪಂದ್ಯ ಮುಗಿಯಿತು, ಉಳಿದವರು ಎಲ್ಲಿದ್ದರೋ ಅಲ್ಲೇ. ಅಪರಿಚಿತರ ಜೊತೆ ಓಡಿದರೆ ಚೆಸ್ ಥರವೇ ರೇಟಿಂಗ್ ಇದೆ: ಡಿ ಇಂದ ಶುರುವಾಗಿ ಸಿ, ಬಿ, ಎ, ಎಸ್, ಕೊನೆಗೆ ಎಸ್ ಪ್ಲಸ್. ಮಜಾ ಏನಂದರೆ ಒಬ್ಬರೇ ಆಡೋವಾಗ ಇದ್ದ ಕಷ್ಟ ಸುಲಭಗಳೆಲ್ಲ ಇಲ್ಲಿ ತಲೆಕೆಳಗಾಗುತ್ತವೆ. ಎಷ್ಟೋ ಲೆವೆಲ್‌ಗಳು ಒಬ್ಬರಿಗೆ ಅಂತ ಕಟ್ಟಿದವು. ದಾರಿಯಲ್ಲಿ ಒಂದೇ ಒಂದು ಬೇಕಾದ ಸಾಮಾನು ಇದ್ದು ಅದನ್ನು ಮುಂದೆ ಹೋದವನು ತಗೊಂಡರೆ ಹಿಂದಿನವರು ನಡುದಾರಿಯಲ್ಲಿ ನೀರು ಕುಡಿಯಬೇಕು. ತುಂಬ ಕಷ್ಟದ ಲೆವೆಲ್ ಬಂದರೆ ನಾಲ್ವರೂ ಮೊದಲ ಹಳ್ಳದಲ್ಲೇ ಸಾಯ್ತಾ ಇರುತ್ತಾರೆ, ಮಾಗಡಿ ರಸ್ತೆ ಸಂಜೆ ಏಳರ ಟ್ರಾಫಿಕ್ಕಿನ ಹಾಗೆ ಯಾರೂ ಮುಂದೆ ಹೋಗಲ್ಲ. ತುಂಬ ಸುಲಭದ್ದೇ ನಿಜವಾದ ಕಷ್ಟ: ಎಲ್ಲರಿಗೂ ದಾರಿ ಬರುತ್ತೆ, ಕೂದಲೆಳೆಯಲ್ಲಿ ಸೋಲು. ಮೇಲಾಗಿ ಒಬ್ಬರನ್ನೊಬ್ಬರು ಎತ್ತಿ ಎಸೆಯಬಹುದು.

ಸ್ನೇಹಿತರ ಜೊತೆ ಓಡೋ ವ್ಯವಸ್ಥೆ ಮೊದಲು ಇರಲಿಲ್ಲ, 2019ರ ಅಕ್ಟೋಬರ್ ಅಪ್‌ಡೇಟ್‌ನಲ್ಲಿ ಬಂತು. ಅದರಲ್ಲಿ ಸೋತರೂ ಗೆದ್ದರೂ ರೇಟಿಂಗ್ ಕದಲಲ್ಲ. ಅಜ್ಜಿ ಮೊಮ್ಮಗ ಓಡೋದು ಇದರಲ್ಲೇ. ಆಟಕ್ಕುಂಟು, ಲೆಕ್ಕಕ್ಕಿಲ್ಲ ಅನ್ನೋ ಕೋಣೆ.

ಈ ರೇಸಿಗೆ ಇನ್ನೊಂದು ಗುಣ ಇದೆ, ಆಡಿದವರೆಲ್ಲ ಬೈಯೋದು ಅದನ್ನೇ. ಆಟಗಾರರ ಯಂತ್ರಗಳು ಪರಸ್ಪರ ಮಾತಾಡಿಕೊಂಡು ಹೆಜ್ಜೆ ಹೊಂದಿಸಿಕೊಂಡು ಸಾಗುತ್ತವೆ. ಹಾಗಾಗಿ ಒಬ್ಬರ ನೆಟ್ ನಿಧಾನ ಇದ್ದರೆ ಆಟ ಎಲ್ಲರಿಗೂ ನಿಧಾನ. ನಮ್ಮ ಮನೆಯ ರೂಟರ್ ದೇವರ ಮನೆ ಗೋಡೆಯಾಚೆ ಇದೆ, ಅಲ್ಲಿಂದ ಕ್ಯಾಲಿಫೋರ್ನಿಯಾಗೆ ಅರ್ಧ ಭೂಮಿ ಸುತ್ತಬೇಕು. ಅಮ್ಮ ಕೂತರೆ ಮಾರಿಯೋ ನೀರೊಳಗೆ ಓಡಿದ ಹಾಗೆ ಓಡುತ್ತಾನೆ. ಗಾಳಿಯಲ್ಲಿ ತೇಲುತ್ತಾನೆ, ಯೋಚಿಸುತ್ತಾನೆ, ಆಮೇಲೆ ಇಳಿಯುತ್ತಾನೆ. ಮಗನಿಗೆ ಇದು ಚಿತ್ರಹಿಂಸೆ. ಅಮ್ಮನಿಗೆ ಹೇಳಿ ಮಾಡಿಸಿದ ವೇಗ. ಹನ್ನೊಂದರ ಹುಡುಗನ ಕೈಚಳಕ ಅಲ್ಲಿ ಯಾವ ಉಪಯೋಗಕ್ಕೂ ಬರಲ್ಲ, ಹಳ್ಳ ಎಲ್ಲಿದೆ ಅಂತ 311 ಸಲ ಬಿದ್ದು ತಿಳಿದವಳಿಗೆ ಎಲ್ಲ ಬಾಯಿಪಾಠ.

ಹೋದ ಭಾನುವಾರ 'ಫಾರ್ ಅಜ್ಜಿ'ಯಲ್ಲೇ ಓಡಿದರು. ನಾನು ಬೇಗ ಎದ್ದಿದ್ದೆ, ಆರಿಹೋಗುತ್ತಿದ್ದ ಆ ಎರಡನೇ ಲೋಟ ಈಗ ನನ್ನದು. ಆಮೆಯ ತನಕ ಇಬ್ಬರೂ ಸಮಸಮ. ಹಳ್ಳದ ಹತ್ತಿರ ಬಂದಾಗ ಅಮ್ಮ ಒಂದು ಹೆಜ್ಜೆ ಮುಂದೆ ಇದ್ದಳು. ಮಗ ಹಿಂದಿನಿಂದ ಬಂದು ಅವಳನ್ನು ನಿಧಾನವಾಗಿ, ಆ ನಿಧಾನದಲ್ಲೇ, ಎತ್ತಿ ಹಳ್ಳಕ್ಕೆ ಎಸೆದ.

"ಲೋ! ಅಜ್ಜಿನ ಎಸೀತೀಯೇನೋ!" ಅಂತ ನಾನು ಕೂಗಿದೆ.

ಅಮ್ಮ ಜೋರಾಗಿ ನಗ್ತಾ ಇದ್ದಳು. ಅಪ್ಪ ಹೋದ ಮೇಲೆ ಆ ಥರ ನಕ್ಕಿದ್ದು ನಾನು ಕೇಳಿರಲಿಲ್ಲ. "ಸುಮ್ನಿರೋ ನೀನು, ಅವನು ಸರಿಯಾಗೇ ಆಡ್ತಿದ್ದಾನೆ" ಅಂದು ಮೊದಲಿಂದ ಓಡಿ ಬಂದಳು. ಅಷ್ಟರಲ್ಲಿ ಅವನೂ ಅವಸರದಲ್ಲಿ ಹಾರಿ, ಲೆಕ್ಕ ತಪ್ಪಿ ಹಳ್ಳಕ್ಕೆ ಬಿದ್ದ. ಮತ್ತೆ ಇಬ್ಬರೂ ಒಟ್ಟಿಗೆ. ಆಮೆ, ಅಣಬೆ, ಹಳ್ಳ. ಈ ಸಲ ಇಬ್ಬರೂ ಹಾರಿದರು. ಇಬ್ಬರೂ ಗಾಳಿಯಲ್ಲಿರುವಾಗ ಆಟ ನಿಂತಿತು. ಸಂಪರ್ಕ ಕಡಿತ. ಹೊರಗೆ ಟ್ರಾನ್ಸ್‌ಫಾರ್ಮರ್ ಢಂ ಅಂದಿತ್ತು, ಬೀದಿಯಲ್ಲೆಲ್ಲ ಕರೆಂಟ್ ಇಲ್ಲ.

ಮೊಬೈಲ್ ಡೇಟಾದಲ್ಲಿ ವಿಡಿಯೋ ಕಾಲ್ ಬಂತು. ಯಾರು ಮುಂದೆ ಇದ್ದರು ಅಂತ ಜಗಳ. ಅವನ ಟೊಪ್ಪಿ ಮುಂದೆ ಇತ್ತಂತೆ, ಇವಳ ಕಾಲು ಮುಂದೆ ಇತ್ತಂತೆ. ಅರ್ಧ ಗಂಟೆ ಮಾತಾಡಿದರು. ಊಟ ಆಯ್ತಾ ಅಂತ ಇಬ್ಬರೂ ಕೇಳಲೇ ಇಲ್ಲ.